ಮೆಟ್ಟುಗತ್ತಿ ಕಲಿಸಿದ ಕೈವೇಗ

ಸಾಗರ
ಮಂಗಳವಾರ, ೪ ಫೆಬ್ರವರಿ ೨೦೨೫

ಪ್ರೀತಿಯ ಅಮ್ಮಾ,

ಕೆಮ್ಮು ಕಡಿಮೆಯಾಯಿತಾ? ತೀರ್ಥಹಳ್ಳಿಯ ಆ ಹಾಸ್ಟೆಲ್ಲಿನಲ್ಲಿ ಎಂಬತ್ತು ಹುಡುಗಿಯರಿಗೆ ಅಡುಗೆ ಅಂದರೆ ದಿನವಿಡೀ ನಿಂತೇ ಇರಬೇಕಲ್ಲ. ತರಕಾರಿ ಹೆಚ್ಚುವಾಗಲಾದರೂ ಒಂದು ಸ್ಟೂಲ್ ಎಳೆದುಕೊಂಡು ಕುಳಿತುಕೋ. ಕುಳಿತು ಕೆಲಸ ಮಾಡುವುದು ಕೆಲಸಗಾರರ ಹಕ್ಕು ಅಂತ ಬರೆಯಲು ಹೊರಟಿದ್ದೆ, ನಿಲ್ಲಿಸಿದ್ದೇನೆ. ಫೋನಿನಲ್ಲಾದರೆ ನಾನು ಹೀಗೇ ಭಾಷಣ ಶುರು ಮಾಡುತ್ತೇನೆ, ನೀನು "ಸಾರು ಉಕ್ತಾ ಇದೆ, ಇಡ್ತೀನಿ" ಅನ್ನುತ್ತೀ. ಮೂರು ತಿಂಗಳಿಂದ ನಿನ್ನ ಸಾರು ಉಕ್ಕುತ್ತಲೇ ಇದೆ. ಅದಕ್ಕೇ ಈ ಕಾಗದ. ಹೊಸನಗರದಲ್ಲಿ ಅಪ್ಪ ಆರಾಮಾಗಿದ್ದಾರೆ. ಹೋದ ವಾರ ಮನೆಗೆ ಹೋದಾಗ ನನ್ನ ಆಟದ ಪ್ಯಾಡಲ್ ತಿರುಗಿಸಿ ಮುರುಗಿಸಿ ನೋಡಿ, "ದೋಸೆ ಮಗಚಕ್ಕೆ ಸ್ವಲ್ಪ ದೊಡ್ಡದಾಯ್ತಲ್ಲೇ" ಅಂದರು.

ಆ ಆಟದ ವಿಷಯವನ್ನೇ ಹೇಳಬೇಕು. ಇಲ್ಲಿಯ ಬ್ಯಾಡ್ಮಿಂಟನ್ ಹಾಲಿನಲ್ಲಿ ಟೇಪು ಅಂಟಿಸಿ ಪಿಕಲ್‌ಬಾಲ್ ಅಂಕಣ ಮಾಡಿದ್ದಾರೆ. ಹಲಗೆಯಂಥ ಪ್ಯಾಡಲ್, ತೂತು ತೂತಿನ ಪ್ಲಾಸ್ಟಿಕ್ ಚೆಂಡು. ಎರಡೂ ಕಡೆಯವರು ಬಲೆಯ ಹತ್ತಿರ ಬಂದು ನಿಂತರೆಂದರೆ ಚೆಂಡು ನೇರ ಎದೆಗೇ ಬರುತ್ತದೆ. ಅಲ್ಲಿ ಕಾಲಿನ ಓಟಕ್ಕಿಂತ ಕೈ ಚುರುಕಿರಬೇಕು. ಮಹಾಲಕ್ಷ್ಮೀ ಟೀಚರ್ ಯಾರು ಬಂದರೂ ಕಲಿಸುತ್ತಾರೆ. ಉಳ್ಳವರ ಆಟವಾಗಿ ಗೇಟು ಹಾಕಿಕೊಳ್ಳುವ ಮೊದಲೇ ಇದು ನಮ್ಮದಾಗಬೇಕು ಅಂತ ನಾನು ಸೇರಿದೆ. ಕೈವೇಗದ ಬಗ್ಗೆ ಒಂದು ಜೆರಾಕ್ಸ್ ಕರಪತ್ರವೂ ಸಿಕ್ಕಿತು. ನಿನಗೆ ಗೊತ್ತಲ್ಲ, ಕರಪತ್ರ ಸಿಕ್ಕರೆ ನಾನು ಕೆಂಪು ಗೆರೆ ಎಳೆದು ಬಾಯಿಪಾಠ ಮಾಡುವವಳು. ವೇಗ ಅಂದರೆ ಬಲ ಅಂತ ನಾನೇ ತೀರ್ಮಾನಿಸಿ, ಒಂದು ತಿಂಗಳು ರಬ್ಬರ್ ಚೆಂಡು ಹಿಸುಕಿ ಹಿಸುಕಿ ಮುಷ್ಟಿ ಗಟ್ಟಿ ಮಾಡಿಕೊಂಡೆ. ಪ್ಯಾಡಲನ್ನು ಉಸಿರುಗಟ್ಟುವಂತೆ ಹಿಡಿದು, ಭುಜದಾಚೆಯಿಂದ ಬೀಸಿ ಬೀಸಿ ಹೊಡೆದೆ. ನಾನು ಬೀಸುವಷ್ಟರಲ್ಲಿ ಚೆಂಡು ಹಿಂದಿನ ಗೋಡೆ ಮುಟ್ಟಿರುತ್ತಿತ್ತು. "ಎಂತನೇ ಸುಪ್ರಿಯಾ, ಆಟ ಆಡ್ತೀಯೋ, ಸೌದೆ ಒಡೀತೀಯೋ?" ಅಂದರು ಟೀಚರ್. ಹಾಲಿಗೆ ಹಾಲೇ ನಕ್ಕಿತು.

ಮಣಿಕಟ್ಟು ಊದಿಸಿಕೊಂಡು ಮೂಲೆಯಲ್ಲಿ ಕುಳಿತಾಗ ನೀನು ನೆನಪಾದೆ. ಅಡಿಕೆ ಸುಲಿಯುವಾಗ ಮಣೆಗೆ ನಾಟಿದ ಮೆಟ್ಟುಗತ್ತಿ ನಿನ್ನೆದುರು ಸುಮ್ಮನೆ ನಿಂತಿರುತ್ತಿತ್ತು. ಅಡಿಕೆ ಬಂದು ಅದಕ್ಕೆ ತಾಗುತ್ತಿತ್ತು, ಸಿಪ್ಪೆ ಆಚೆ, ಕಾಯಿ ಈಚೆ, ನಿನ್ನ ಮಾತು ಮಾತ್ರ ಪಕ್ಕದ ದುಗ್ಗಮ್ಮನ ಜೊತೆ. ಏಳನೇ ಕ್ಲಾಸಿನಲ್ಲಿ ನಾನು ಕಲಿಯಲು ಕೂತಾಗ ನೀನು ಹೇಳಿದ್ದು: "ಬಿಗಿ ಹಿಡೀಬ್ಯಾಡ, ಬೆರಳು ಹೋಗ್ತದೆ. ಕತ್ತಿ ಎಲ್ಲೂ ಓಡಿಹೋಗಲ್ಲ ಕಣೇ, ಕೈ ಹಗುರ ಬಿಡು." ಮರುದಿನದಿಂದ ಪ್ಯಾಡಲನ್ನು ಎದೆಯ ಮುಂದೆ ಮೆಟ್ಟುಗತ್ತಿಯ ಹಾಗೆ ನಿಲ್ಲಿಸಿದೆ. ಹಿಡಿತ ಸಡಿಲ. ಬೀಸುವುದಿಲ್ಲ, ಚೆಂಡು ಬಂದಾಗ ಒಂದು ಗೇಣು ಮುಂದೆ ತಳ್ಳುವುದು, ತಕ್ಷಣ ಮೊದಲಿನ ಜಾಗಕ್ಕೆ. ಗೋಡೆಗೆ ಚೆಂಡು ಹೊಡೆಯುವುದನ್ನು ಹತ್ತು ಹೆಜ್ಜೆ ದೂರದಲ್ಲಿ ಶುರು ಮಾಡಿ ದಿನಕ್ಕಿಷ್ಟು ಹತ್ತಿರ ಸರಿದೆ. ಈಗ ನಾಲ್ಕೇ ಹೆಜ್ಜೆಯಲ್ಲಿ ನಿಂತು ಅರವತ್ತು ಸಲ ತಪ್ಪದೆ ಆಡುತ್ತೇನೆ. ಆ ಕರಪತ್ರವನ್ನು ಮತ್ತೆ ತೆಗೆದು ನೋಡಿದರೆ, "ಹಿಡಿತ ಸಡಿಲವಿರಲಿ" ಅಂತ ಮೊದಲ ಸಾಲಿನಲ್ಲೇ ಇತ್ತು! ಅದಕ್ಕೂ ಕೆಂಪು ಗೆರೆ ಎಳೆದಿದ್ದೆ.

ಅಮ್ಮಾ, ದೀಪಾವಳಿ ಮುಗಿದ ವಾರ, ನೀವು ಕೂಲಿಗೆ ಹೋಗುತ್ತಿದ್ದ ಅಡಿಕೆ ಕಣಕ್ಕೆ ಸುಲಿಯುವ ಯಂತ್ರ ಬಂದು ನಿಮ್ಮನ್ನೆಲ್ಲ ಮನೆಗೆ ಕಳಿಸಿದಾಗ ನಾನು ಕುಣಿದಾಡಿದೆ. "ಇನ್ನು ನಿನ್ನ ಕೈಗೆ ಬಿಡುಗಡೆ" ಅಂದೆ. ನೀನು, "ಊರಲ್ಲಿ ಈ ಕೈಗೆ ಸಮ ಯಾರಿದ್ರು ಹೇಳು? ಈಗ ಇದನ್ನ ಎಂತ ಮಾಡ್ಲಿ?" ಅಂದು ಒಳಗೆ ಹೋದೆ. ಮುಂದಿನ ಸೋಮವಾರ ನೀನು ತೀರ್ಥಹಳ್ಳಿ ಬಸ್ಸು ಹತ್ತಿದೆ. ಕೂಲಿ ಹೋದದ್ದಕ್ಕೆ ಕೋಪ ಅಂತ ನಾನು ತಿಳಿದಿದ್ದೆ. ಯಂತ್ರ ಬರಬಾರದು ಅಂತ ಈಗಲೂ ನಾನು ಹೇಳುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ ಕಲಿತ ವಿದ್ಯೆ ಒಂದೇ ಬೆಳಿಗ್ಗೆ ಯಾರಿಗೂ ಬೇಡವಾದಾಗ ಮಗಳು ಚಪ್ಪಾಳೆ ತಟ್ಟಬಾರದಿತ್ತು. ತಪ್ಪಾಯಿತು.

ಹಾಸ್ಟೆಲ್ಲಿನ ಕನ್ನಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳು. ಬಿಸಿನೀರು ಕುಡಿ. ಸ್ಟೂಲಿನ ಮೇಲೆ ಕುಳಿತುಕೋ.

ನಿನ್ನ ಬಾಯಿಬಡುಕಿ ಮಗಳು,
ಸುಪ್ರಿಯಾ

ಮರೆತಿದ್ದೆ: ಹದಿನಾರನೇ ತಾರೀಕು ಭಾನುವಾರ ಇಲ್ಲಿ ಮಹಿಳೆಯರ ಜೋಡಿ ಪಂದ್ಯ, ವಯಸ್ಸಿನ ಮಿತಿ ಇಲ್ಲ. ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕ ನಿನ್ನದು, ಯಮುನಮ್ಮ ಅಂತ ಬರೆಸಿದ್ದೇನೆ. ದೀಪಾವಳಿಗೆ ನಾನು ಹಿತ್ತಿಲ ಗೋಡೆಗೆ ಹೊಡೆದ ಚೆಂಡು ನಿನ್ನ ಕಡೆ ಹಾರಿದಾಗ, ಬೆಳ್ಳುಳ್ಳಿ ಬಿಡಿಸುತ್ತಿದ್ದ ನೀನು ತಲೆಯನ್ನೂ ಎತ್ತದೆ ಹಿಡಿದು ಮೊರಕ್ಕೆ ಹಾಕಿದ್ದೆಯಲ್ಲ, ಅಷ್ಟೇ ಸಾಕು. ಓಡುವುದೆಲ್ಲ ನನ್ನ ಪಾಲು, ನೀನು ಬಲೆಯ ಹತ್ತಿರ ನಿಲ್ಲು. ನಿನ್ನನ್ನು ಕೇಳದೆ ಬರೆಸಿದೆ. ಕೆಲಸದವರನ್ನು ಕೇಳದೆ ತೀರ್ಮಾನ ಮಾಡುವವರ ವಿರುದ್ಧ ಕರಪತ್ರ ಹಂಚಿದವಳೂ ನಾನೇ. ಬೇಡವಾದರೆ ಹನ್ನೆರಡನೇ ತಾರೀಕಿನೊಳಗೆ ಫೋನ್ ಮಾಡು, ಹೆಸರು ಹೊಡೆದುಹಾಕಿಸುತ್ತೇನೆ. ಸಾರು ಉಕ್ಕುತ್ತಿದ್ದರೆ ಫೋನ್ ಮಾಡಬೇಡ, ಶನಿವಾರ ಸಂಜೆಯ ಬಸ್ಸು ಹತ್ತು.