ಒಡೆದ ಥರ್ಮಾಮೀಟರು

೯ ಆಗಸ್ಟ್ ೧೯೩೮, ಮಂಗಳವಾರ. ಹುಣಸೂರು ಆಸ್ಪತ್ರೆ.

ಹನಗೋಡಿನ ಬಾಣಂತಿ ಚಿಕ್ಕತಾಯಿಯ ಜ್ವರ ನೋಡುವ ಮೊದಲೇ ಥರ್ಮಾಮೀಟರು ನನ್ನ ಕೈಜಾರಿ ಒಡೆಯಿತು. ಹೋದ ತಿಂಗಳು ನನ್ನ ಜೊತೆ ನರ್ಸ್ ಕೆಲಸ ಕಲಿಯುವ ವಿಮಲ ಒಂದನ್ನು ಒಡೆದಾಗ ದೊಡ್ಡ ನರ್ಸಮ್ಮ ಅವಳ ಕೈಗೆ ಚೂರುಗಳ ತಟ್ಟೆ ಕೊಟ್ಟು, ದಿನವಿಡೀ ರೋಗಿಗಳೆದುರು ನಿಲ್ಲಿಸಿದ್ದರು. ನಾನು ಚೂರುಗಳನ್ನು ಬಚ್ಚಿಟ್ಟು, ಚಾರ್ಟಿನಲ್ಲಿ ಅಂದಾಜಿಗೆ ತೊಂಬತ್ತೆಂಟು ಎಂದು ಬರೆದೆ.

ಸಂಜೆ ಚಿಕ್ಕತಾಯಿಯ ಅತ್ತೆ, "ಮೈ ಕೆಂಡದಂಗೆ ಸುಡ್ತಾ ಅದೆ ಕಣವ್ವ," ಎಂದು ಅತ್ತಳು.

ದೊಡ್ಡ ನರ್ಸಮ್ಮ ಚಾರ್ಟು ನೋಡಿದರು. "ಜ್ವರ ಇಲ್ಲ ಕಣಮ್ಮ. ನಮ್ಮ ಹುಡುಗಿ ತಪ್ಪು ಬರೆಯೋಳಲ್ಲ. ಬೆಳಿಗ್ಗೆ ಗಾಡಿ ತರಿಸಿ, ಮನೆಗೆ ಕರ್ಕೊಂಡು ಹೋಗಿ."

ಎರಡು ವರ್ಷದ ಟ್ರೈನಿಂಗಿನಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಅವರ ಕೋಣೆಯವರೆಗೆ ಮೂರು ಸಲ ಹೋಗಿ ಬಂದೆ. ಒಳಗೆ ಇನ್ನೂ ದೀಪವಿದೆ. ಬಾಗಿಲು ತಟ್ಟಲು ಎತ್ತಿದ ಕೈಯಲ್ಲೇ ಇದನ್ನು ಬರೆಯುತ್ತಾ ಕೂತಿದ್ದೇನೆ.