ಚಕ್ರದ ಇನ್ನೊಂದು ಬದಿ

ನಿಗಡಿ, ಪುಣೆ
ರವಿವಾರ, ೨೯ ಸೆಪ್ಟೆಂಬರ್ ೨೦೨೪

ಪ್ರೀತಿಯ ಸಂಜಣ್ಣಾ,

ಹೇಗಿದ್ದೀ? ಮನಾಲಿಯಲ್ಲಿ ಈಗಲೇ ಚಳಿ ಶುರುವಾಗಿದೆಯಂತೆ. ಮೊಣಕಾಲಿನ ಹಳೇ ನೋವು ಮತ್ತೆ ಎದ್ದಿಲ್ಲ ತಾನೆ? ಅವ್ವ ಕೇಳಿದಳು. ಬಾಯಿಬಿಟ್ಟು ಕೇಳಲಿಲ್ಲ, ಪಾರ್ಸಲ್ ಕಟ್ಟುವಾಗ ಶೇಂಗಾ ಚಟ್ನಿ ಡಬ್ಬಿಯ ಪಕ್ಕ ನೋವಿನ ಎಣ್ಣೆಯ ಬಾಟಲಿಯನ್ನೂ ಇಟ್ಟಳು, ಅಷ್ಟೆ. ಅದು ಸೋರದಂತೆ ನಿನ್ನದೇ ಹಳೇ ಟೀಶರ್ಟಿನಲ್ಲಿ ಸುತ್ತಿದ್ದಾಳೆ. ಸೋರಿದ್ದರೆ ಈ ಪತ್ರ ಎಣ್ಣೆಯಾಗಿ ನಿನ್ನ ಕೈ ಸೇರಿದೆ ಅಂತ ತಿಳಿ.

ಈ ಕಾಲದಲ್ಲಿ ಪತ್ರವೇ ಅಂತ ನಗುತ್ತಿರಬೇಕು. ಏನು ಮಾಡಲಿ, ವಾಟ್ಸಾಪಿನಲ್ಲಿ ನಾನು ಪುಟಗಟ್ಟಲೆ ಬರೆದರೂ ನೀನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀ. ಡಿಗ್ರಿ ಮುಗಿಸಿದವನು ಮನೆಯವರಿಗೆ ಹೆಬ್ಬೆಟ್ಟು ಒತ್ತುವುದು ಚೆನ್ನಾಗಿ ಕಾಣುವುದಿಲ್ಲ. ಫೋನ್ ಮಾಡಿದರೆ ಘಾಟಿನಲ್ಲಿ ರೇಂಜ್ ಸಿಗುವುದಿಲ್ಲ ಎನ್ನುತ್ತೀ. ನನಗಂತೂ ಫೋನಿನಲ್ಲಿ ಮಾತೇ ಬರುವುದಿಲ್ಲ. 'ಊಟ ಆತೇನು' ಆದ ಮೇಲೆ ಮುಂದೇನು ಅಂತ ಹುಡುಕುವಷ್ಟರಲ್ಲಿ ಆ ಕಡೆಯವರು 'ಸರಿ, ಇಡ್ತೀನಿ' ಅಂದಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಪ್ರವಾಸಿಗಳೆಲ್ಲ ಸೈಕಲ್ ನಿಲ್ಲಿಸಿ ಹಿಮದ ಮುಂದೆ ಫೋಟೋ ತೆಗೆಸಿಕೊಳ್ಳುವಾಗ, ನೀನು ಹಿಂದಿನ ಜೀಪಿನಲ್ಲಿ ಟ್ಯೂಬು, ಪಂಪು ಕಾಯುತ್ತ ಕೂತಿರುತ್ತೀಯಲ್ಲ, ಆಗ ಓದು.

ಅಪ್ಪ ಹಾಗೆಯೇ ಇದ್ದಾರೆ. ಬೆಳಿಗ್ಗೆ ಭೋಸರಿಗೆ, ಅದೇ ನಟ್ಟು ಬೋಲ್ಟಿನ ಅಂಗಡಿಯ ಲೆಕ್ಕಕ್ಕೆ ಹೋಗುತ್ತಾರೆ, ಸಂಜೆ ಬರುತ್ತಾರೆ. ಅವ್ವ ಅಂಗಿ ಒಗೆಯುವಾಗ ಕಿಸೆಯಿಂದ ಈಗಲೂ ವಾಶರುಗಳು ಬೀಳುತ್ತವೆ. ನೀನು ಹೋದಮೇಲೆ ಮನೆಯಲ್ಲಿ ಜಗಳವೇ ಇಲ್ಲ. ಜಗಳವಿಲ್ಲದ ಮನೆ ಇಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಅದೂ ನಮ್ಮ ಮೂರನೇ ಮಹಡಿಯ ಎರಡು ಕೋಣೆಯ ಮನೆ.

ನನ್ನದು ಖರಾಡಿಯ ಆಫೀಸು. ಆನ್‌ಲೈನ್ ಅಂಗಡಿಯೊಂದರ ಸಾಮಾನುಗಳಿಗೆ ನಾಲ್ಕು ಸಾಲಿನ ವರ್ಣನೆ ಬರೆಯುವ ಕೆಲಸ. ಸಾಹಿತ್ಯದಲ್ಲಿ ಬಿ.ಎ. ಮಾಡಿದ್ದು ಸ್ಟೀಲ್ ಚಮಚವನ್ನು ಹೊಗಳುವುದಕ್ಕೆ ಬಂತು. ಊಟದ ಹೊತ್ತಿಗೆ ಪಕ್ಕದ ಟೇಬಲ್ಲಿನಲ್ಲಿ ಬೆಂಗಳೂರು ಕಡೆಯವರು ಮೂರ್ನಾಲ್ಕು ಜನ ಕೂಡುತ್ತಾರೆ. 'ಏನ್ ಗುರೂ, ಇವತ್ತೂ ಟಿಂಡಾನಾ' ಅಂತ ಡಬ್ಬಿ ತೆರೆದು ನಗುತ್ತಾರೆ. ನಾನೂ ಕನ್ನಡದವಳೇ ಅಂತ ಮೊದಲ ದಿನವೇ ಹೇಳಬೇಕಿತ್ತು. ಹೇಳಲು ನಾಚಿಕೊಂಡೆ. ಅಷ್ಟರಲ್ಲಿ ಅವರು ನನ್ನ ಎದುರೇ ಮನೆಯ ಕಷ್ಟ, ಮ್ಯಾನೇಜರನ ಬೈಗಳು ಎಲ್ಲ ಮಾತಾಡಿಕೊಂಡುಬಿಟ್ಟರು. ಈಗ ಹೇಳಿದರೆ ಕದ್ದು ಕೇಳಿದವಳಾಗುತ್ತೇನೆ. ಹಾಗಾಗಿ ದಿನಾ ನನ್ನದೇ ಭಾಷೆಯ ಪಕ್ಕದಲ್ಲಿ ಮರಾಠಿಯವಳಂತೆ ಕೂತು ಉಂಡು ಏಳುತ್ತೇನೆ.

ಈಗ ಸೈಕಲ್ಲಿನ ವಿಷಯ. ಮಳೆಗಾಲಕ್ಕೆ ಮುಂಚೆ ಸೊಸೈಟಿಯವರು ಬಿಲ್ಡಿಂಗಿಗೆ ಬಣ್ಣ ಹೊಡೆಸಲು ಹೊರಟರು. ಗ್ಯಾಲರಿ ಖಾಲಿ ಮಾಡಿ ಅಂದರು. ಗ್ಯಾಲರಿಯಲ್ಲಿ ಇದ್ದದ್ದು ನಿನ್ನ ಸೈಕಲ್ಲೇ. ಹ್ಯಾಂಡಲ್ಲಿನ ಮೇಲೆ ಅವ್ವ ಟವೆಲ್ಲು ಒಣಗಿಸುತ್ತಿದ್ದಳು, ಅದನ್ನು ಬಿಟ್ಟು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅಪ್ಪ ಚಹಾ ಕುಡಿಯುತ್ತ, 'ಯಾರರ ಹೊಡೀತಿದ್ರ ಇಟ್ಕೋರಿ, ಇಲ್ಲಂದ್ರ ಭಂಗಾರದಾಂವಗ ಕೊಟ್ಟಬಿಡ್ರಿ' ಅಂದರು. ಚಿಕ್ಕವನಿದ್ದಾಗ ನೀನು ಗುಜರಿಯವನ 'ಭಂಗಾರ್' ಕೂಗು ಕೇಳಿ, ಬಂಗಾರ ಮಾರಲು ಬಂದಿದ್ದಾನೆ ಅಂತ ಅವ್ವನನ್ನು ಕೆಳಗೆ ಓಡಿಸಿದ್ದು ನೆನಪಾಯಿತು. ನಗು ಬರಲಿಲ್ಲ. 'ನಾ ಹೊಡೀತೀನಿ' ಅಂದುಬಿಟ್ಟೆ. ಇಬ್ಬರೂ ನನ್ನನ್ನೇ ನೋಡಿದರು. ಚಿಕ್ಕ ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡ ಮೇಲೆ ನಾನು ಸೈಕಲ್ ಮುಟ್ಟಿದವಳಲ್ಲ.

ನನ್ನ ಹತ್ತಿರ ಇದ್ದದ್ದು ನಿನ್ನ ಜೊತೆ ರೇಸಿಗೆ ಹೋಗುತ್ತಿದ್ದ ಶೀತಲ್‌ಳ ನಂಬರ್ ಒಂದೇ. ಮೂರು ಸಲ ಮೆಸೇಜ್ ಬರೆದು ಅಳಿಸಿ ನಾಲ್ಕನೇ ಸಲ ಕಳಿಸಿದೆ. 'ಸಂಜೂಚೀ ಬಹೀಣ್? ಯೇ ನಾ!' ಅಂತ ತಕ್ಷಣ ಬಂತು, ನಿನ್ನ ತಂಗಿ ಅಂದದ್ದಕ್ಕೇ ಬಾ ಅಂತ ಕರೆದಳು. ಅವಳೀಗ ಕೊಂಢವಾದಲ್ಲಿ ತಮ್ಮ ಬಿಲ್ಡಿಂಗಿನ ಪಾರ್ಕಿಂಗ್ ಮೂಲೆಯಲ್ಲೇ ಹಳೇ ರೇಸ್ ಸೈಕಲ್ಲುಗಳನ್ನು ಫಿಕ್ಸಿ ಮಾಡಿಕೊಡುತ್ತಾಳೆ. ಫಿಕ್ಸಿ ಅಂದರೆ ಗೇರು ಇಲ್ಲ, ಫ್ರೀವೀಲ್ ಇಲ್ಲ, ಚಕ್ರ ತಿರುಗಿದರೆ ಪೆಡಲೂ ತಿರುಗಲೇಬೇಕು. ನಿನಗೆ ನಾನು ಇದನ್ನು ವಿವರಿಸುತ್ತಿರುವುದು ತಮಾಷೆಯೇ, ಆದರೆ ಹೊಸದಾಗಿ ಕಲಿತವಳ ಜಂಬ ಸ್ವಲ್ಪ ಸಹಿಸಿಕೋ. ಟೆಂಪೋದಲ್ಲಿ ಸೈಕಲ್ ಹೇರಿಕೊಂಡು ಹೋದೆ. ಅವಳು ಅದರ ಸುತ್ತ ಒಂದು ಸುತ್ತು ಬಂದು, ಮಗುವಿನ ಗಲ್ಲ ಹಿಡಿಯುವ ಹಾಗೆ ಸೀಟು ಹಿಡಿದು ಅಲ್ಲಾಡಿಸಿ, ಹಳೇ ಸ್ಟೀಲಿನ ಫ್ರೇಮು ಗಟ್ಟಿ ಇದೆ, ಗೇರಿನ ಕಥೆ ಮುಗಿದಿದೆ, ಹಿಂದಿನ ಚಕ್ರ ಕೂಡುವ ಜಾಗ ಉದ್ದಕ್ಕಿರುವುದರಿಂದ ಚೈನು ಬಿಗಿ ಮಾಡಬಹುದು, ಫಿಕ್ಸಿಗೆ ಹೇಳಿ ಮಾಡಿಸಿದಂತಿದೆ ಅಂತೆಲ್ಲ ಅಂದಳು. ಆಮೇಲೆ ಎಡಗಡೆಯ ಕ್ರ್ಯಾಂಕಿನಲ್ಲಿ, ಪೆಡಲ್ ಕೂಡಬೇಕಾದ ತೂತಿನೊಳಗೆ ಬೆರಳಿಟ್ಟಳು. 'ಅಗಂ, ಹ್ಯಾಚೇ ತರ್ ಆಟೇ ಗೇಲೇತ!'

'ಯಾವ ಆಟ?' ಅಂತ ನಾನು ಕನ್ನಡದಲ್ಲೇ ಕೇಳಿಬಿಟ್ಟೆ. ಅವಳು 'ಕಾಯ್?' ಅಂತ ನಕ್ಕು, ನನ್ನ ಬೆರಳು ಹಿಡಿದು ಆ ತೂತಿನೊಳಗೆ ಇಟ್ಟಳು. ಸ್ಕ್ರೂ ಕಚ್ಚಿಕೊಳ್ಳುವ ಗೆರೆಗಳಿರಬೇಕಾದಲ್ಲಿ ನುಣ್ಣಗೆ ಸವೆದುಹೋಗಿತ್ತು. ಆ ಗೆರೆಗಳಿಗೇ ಮರಾಠಿಯಲ್ಲಿ ಆಟೆ. ನಾನು ಬೆರಳು ಹೊರಗೆ ತೆಗೆಯಲಿಲ್ಲ. ಶೀತಲ್ ಏನೋ ಹೇಳುತ್ತಲೇ ಇದ್ದಳು. ನನಗೆ ಕೇಳುತ್ತಿದ್ದದ್ದು ಅಪ್ಪನ ದನಿ.

ಆ ಸಂಜೆಯನ್ನು ನಿನಗೆ ನೆನಪಿಸಬೇಕಾಗಿಲ್ಲ. ರಾಜ್ಯ ತಂಡದ ಆಯ್ಕೆಯ ದಿನ, ಅರ್ಧ ದಾರಿಯಲ್ಲಿ ಎಡಗಡೆಯ ಪೆಡಲ್ ಕಿತ್ತು ಬಂದು ನೀನು ಬಿದ್ದೆ. ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಉಣ್ಣಲು ಕೂತೆ. ಅಪ್ಪ ಹೊರಗಿನ ಕೋಣೆಯಲ್ಲಿ ಸೈಕಲ್ಲಿನ ಹತ್ತಿರ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಆಮೇಲೆ ಬಂದು ಎದುರು ಕೂತು, ತಲೆ ಎತ್ತದೆ ಅಂದರು: 'ಆಟೆ ಹೋಗ್ಯಾವ ಸಂಜು. ಇನ್ನ ಬಿಟ್ಟಬಿಡು ಅದನ್ನ.' ನೀನು ರೊಟ್ಟಿ ಮುರಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಮರುದಿನ ಮಧ್ಯಾಹ್ನ ಬ್ಯಾಗು ಹಿಡಿದು ಹೋದೆ. ನಿನ್ನ ಆಟ ಮುಗಿಯಿತು, ಇನ್ನು ಸೈಕಲ್ಲು ಬಿಡು ಅಂದರು ಅಂತ ನೀನು ಕೇಳಿಸಿಕೊಂಡೆ. ನಾನೂ ಹಾಗೆಯೇ ಕೇಳಿಸಿಕೊಂಡೆ, ಅವ್ವನೂ ಹಾಗೆಯೇ. ನಿನಗೆ ಆಟೆ ಅನ್ನುವ ಶಬ್ದ ಗೊತ್ತಿರಲಿಲ್ಲ ಅಂತಲ್ಲ. ಸೈಕಲ್ಲಿನವರು ನೀವೆಲ್ಲ ಥ್ರೆಡ್ ಅನ್ನುತ್ತೀರಿ. ಮೇಲಾಗಿ ಅಂಥ ದಿನ, ಮನೆಯ ಕನ್ನಡದ ನಡುವೆ ಬಂದ ಮರಾಠಿ ಶಬ್ದ ಕನ್ನಡವಾಗಿಯೇ ಕೇಳುತ್ತದೆ. ನಾನಾದರೂ ಗಮನಿಸಬೇಕಿತ್ತು. ಆಟವಾಗಿದ್ದರೆ 'ಹೋಗ್ಯಾದ' ಅನ್ನುತ್ತಿದ್ದರು. 'ಹೋಗ್ಯಾವ' ಅಂದರು, ಬಹುವಚನ. ಅವತ್ತು ಊಟಕ್ಕೆ ಕೂಡುವ ಮುಂಚೆ ಬಚ್ಚಲಲ್ಲಿ ಕಿರುಬೆರಳಿಗೆ ಮಾತ್ರ ಸೋಪು ಹಚ್ಚಿ ತಿಕ್ಕುತ್ತಿದ್ದರು. ಆ ಬೆರಳಿನ ಕಪ್ಪನ್ನು ನಾನು ನೋಡಿದ್ದೆ.

ಆ ಕ್ರ್ಯಾಂಕನ್ನು ಬಿಚ್ಚಿಸಿಕೊಂಡು ಮನೆಗೆ ತಂದೆ. ಹೇಗೆ ಕೇಳಬೇಕು ಅಂತ ಹೊಳೆಯದೆ ಅಪ್ಪನ ಚಹಾದ ಬಟ್ಟಲಿನ ಪಕ್ಕ ಇಟ್ಟೆ. ಅವರು ಎತ್ತಿ, ಅದೇ ಕಿರುಬೆರಳು ಒಳಗೆ ಹಾಕಿ, 'ಹೂಂ, ಆಟೆ ಹೋಗ್ಯಾವ' ಅಂದರು. ಅವತ್ತೂ ಹೀಗೇ ಅಂದಿದ್ದಿರಿ ಅಂದೆ. 'ಮತ್ತೇನಂತೀನಿ? ಹೊಸಾದ ತರ್ತೀನಿ ಅನ್ನೂದ್ರಾಗ ಎದ್ದಬಿಟ್ಟ' ಅಂದರು. ಅಣ್ಣ ಅದನ್ನು ಆಟ ಅಂತ ತಿಳಿದ ಅಂದೆ. ಅವರು ಕ್ರ್ಯಾಂಕನ್ನೇ ತಿರುವಿ ತಿರುವಿ ನೋಡಿದರು. ಚಹಾ ಕೆನೆಗಟ್ಟಿತು. ಆಮೇಲೆ ಸ್ಟೂಲ್ ಹಾಕಿಕೊಂಡು, ನಾನು ಹತ್ತುತ್ತೇನೆ ಅಂದರೂ ಕೇಳದೆ, ಅಟ್ಟದ ಮೇಲಿನ ಡಬ್ಬಿಗಳ ಹಿಂದಿನಿಂದ ಪೇಪರಿನಲ್ಲಿ ಸುತ್ತಿದ ಒಂದು ಗಂಟು ತೆಗೆದರು. ಹೊಸ ಕ್ರ್ಯಾಂಕು. ನೀನು ಹೋದ ದಿನವೇ ಭೋಸರಿಯಿಂದ ತಂದಿದ್ದರಂತೆ. ಅವರು ಬರುವಷ್ಟರಲ್ಲಿ ನೀನು ಬಸ್ಸಿನಲ್ಲಿದ್ದೆ. ತಂದೆ ಅಂತ ಯಾರಿಗೂ ಹೇಳಿರಲಿಲ್ಲ. 'ಎಡಗಡೀದ. ಇದಕ್ಕ ಉಲ್ಟಾ ಆಟೆ ಇರ್ತಾವ. ನೋಡೇ ತಂದಿದ್ನಿ' ಅಂದು ನನ್ನ ಕೈಗೆ ಕೊಟ್ಟು ಟಿವಿ ಹಚ್ಚಿದರು. ಟಿವಿಯಲ್ಲಿ ಏನೋ ಅಡುಗೆಯ ಕಾರ್ಯಕ್ರಮ. ಅದನ್ನೇ ಕೊನೆಯವರೆಗೂ ನೋಡಿದರು.

ಈಗ ಎಡಕ್ಕೆ ಅದೇ ಇದೆ. ಬಲಗಡೆಯದಕ್ಕಿಂತ ಹೊಳಪು ಜಾಸ್ತಿ, ಜೋಡಿ ಅನ್ನಿಸುವುದಿಲ್ಲ. ಎರಡೂ ಕಪ್ಪನೆಯದು ಹಾಕೋಣ, ಮಸ್ತ್ ಕಾಣುತ್ತದೆ ಅಂತ ಶೀತಲ್ ಗೋಗರೆದಳು. ಬೇಡ ಅಂದೆ. ನಾನು ಯಾರಿಗಾದರೂ ಬೇಡ ಅಂದದ್ದು ಬಹುಶಃ ಅದೇ ಮೊದಲು. ಬ್ರೇಕು ಎರಡೂ ಇವೆ, ಹೆದರಬೇಡ. ಬ್ರೇಕಿಲ್ಲದ ಫಿಕ್ಸಿ ಫೋಟೋಕ್ಕೆ ಮಾತ್ರ ಅಂತ ಅವಳ ಕಟ್ಟಪ್ಪಣೆ. ಹಿಂದಿನ ಚಕ್ರಕ್ಕೆ ಎರಡು ಬದಿ ಇರುವ ಹಬ್ ಹಾಕಿದಳು. ಒಂದು ಬದಿಗೆ ಫಿಕ್ಸ್, ಇನ್ನೊಂದು ಬದಿಗೆ ಫ್ರೀವೀಲ್. ಚಕ್ರ ಬಿಚ್ಚಿ ತಿರುವಿ ಹಾಕಿದರೆ ಸೈಕಲ್ಲಿನ ಸ್ವಭಾವವೇ ಬದಲು. ಹೊಸಬಳು ಅಂತ ಮೊದಲು ಫ್ರೀವೀಲ್ ಬದಿಯನ್ನೇ ಕೂಡಿಸಿಕೊಟ್ಟಳು.

ಬಿದ್ದೆ, ಎದ್ದೆ, ಕಲಿತೆ. ಆಮೇಲೆ ಒಂದು ರವಿವಾರ ಬೆಳಿಗ್ಗೆ ಭಕ್ತಿ ಶಕ್ತಿ ಚೌಕದಿಂದ ದೇಹು ರೋಡಿನವರೆಗೆ ಹೋಗಿ ಬಂದೆ. ಗುಂಪು ಕಟ್ಟಿಕೊಂಡು ಹೊರಟವರು ನನ್ನನ್ನು ದಾಟಿ ಹೋಗುತ್ತ 'ಚಲಾ ಚಲಾ' ಅಂದರು. ನನಗೇ ಅಂದರೋ ತಮ್ಮವರಿಗೋ ತಿಳಿಯಲಿಲ್ಲ, ಆದರೂ ದಾರಿಯುದ್ದಕ್ಕೂ ಆ ಮಾತನ್ನು ಜೊತೆಗಿಟ್ಟುಕೊಂಡೆ. ವಾಪಸ್ಸು ಬಂದು ಗೇಟು ದಾಟಿ, ಸುಸ್ತಾಗಿ ಪೆಡಲ್ ನಿಲ್ಲಿಸಿದೆ. ಸೈಕಲ್ಲು ಟಿಕ್ ಟಿಕ್ ಟಿಕ್ ಅನ್ನುತ್ತ ತಾನೇ ಪಾರ್ಕಿಂಗಿನೊಳಗೆ ಹೋಯಿತು. ಹೆಗಲಿಗೇರಿಸಿ ಮೆಟ್ಟಿಲು ಹತ್ತುವಾಗಲೂ ಚಕ್ರ ಅಷ್ಟಷ್ಟೇ ತಿರುಗಿ ಟಿಕ್ಕೆನ್ನುತ್ತಿತ್ತು. ಮೇಲೆ ಬಂದರೆ ಬಾಗಿಲು ತೆರೆದೇ ಇತ್ತು. ಒಳಗೆ ಒಲೆಯ ಮೇಲೆ ಹಂಚು. ಅವ್ವ ಹಿಟ್ಟು ಹತ್ತಿದ ಕೈಯಲ್ಲಿ, ತಲೆಯ ಮೇಲಿನ ಸೆರಗು ಜಾರಿದ್ದರ ಪರಿವೆಯಿಲ್ಲದೆ ಬಾಗಿಲಲ್ಲಿ ನಿಂತಿದ್ದಳು. ನಿನ್ನ ಸೈಕಲ್ಲಿನ ಆ ಟಿಕ್ ಟಿಕ್ ಗೇಟಿನಲ್ಲಿ ಕೇಳಿದ ಕೂಡಲೇ ಹಂಚಿಟ್ಟು, ನೀನು ಮೂರು ಮಹಡಿ ಹತ್ತುವಷ್ಟರಲ್ಲಿ ಮೊದಲ ರೊಟ್ಟಿ ಹಾಕುತ್ತಿದ್ದಳಲ್ಲ, ಹಾಗೆ. ನನ್ನ ಮುಖ ನೋಡಿದಳು. ನನ್ನ ಹಿಂದೆ ಮೆಟ್ಟಿಲಿನ ಕಡೆಗೂ ಒಮ್ಮೆ ನೋಡಿದಳು. 'ನೀನಾ' ಅಂದಳು. ಆಮೇಲೆ, 'ಬಾ, ಬಿಸೀದ ಅದ, ಉಣ್ಣು' ಅಂದಳು. ಉಂಡೆ.

ಮರುವಾರವೇ ಹೋಗಿ ಚಕ್ರ ತಿರುವಿಸಿಕೊಂಡು ಬಂದೆ. ಶೀತಲ್ ಭಾರೀ ಖುಷಿಯಾಗಿ, ಸಂಜೂನ ತಂಗಿ ಧೈರ್ಯಸ್ಥೆ ಅಂದಳು. ಕಾರಣ ಹೇಳಲಿಲ್ಲ. ಫಿಕ್ಸ್ ಬದಿಗೆ ಸದ್ದಿಲ್ಲ, ಅಷ್ಟೇ ನನಗೆ ಬೇಕಾಗಿದ್ದದ್ದು. ಮೊದಮೊದಲು ಅಭ್ಯಾಸಬಲದಿಂದ ಕಾಲು ನಿಲ್ಲಿಸಿದರೆ ಪೆಡಲ್ ನನ್ನನ್ನು ಎತ್ತಿ ಒಗೆಯುತ್ತಿತ್ತು. ಇಳಿಜಾರಿನಲ್ಲೂ ಸುಮ್ಮನೆ ಕೂಡುವಂತಿಲ್ಲ, ಬೇಕಿರಲಿ ಬೇಡದಿರಲಿ ಕಾಲು ಆಡುತ್ತಲೇ ಇರಬೇಕು. ಈಗ ರೂಢಿಯಾಗಿದೆ. ಪ್ರತಿ ರವಿವಾರ ಒಬ್ಬಳೇ ಹೋಗುತ್ತೇನೆ, ಒಬ್ಬಳೇ ಬರುತ್ತೇನೆ. ಗೇಟಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಾನೇ ಬೆಲ್ ಒತ್ತುತ್ತೇನೆ, ಅವ್ವ ಆರಾಮವಾಗಿ ಬಂದು ಬಾಗಿಲು ತೆಗೆಯುತ್ತಾಳೆ.

ಚಟ್ನಿಯನ್ನು ಒಬ್ಬನೇ ತಿನ್ನಬೇಡ, ಜೊತೆಯವರಿಗೂ ಕೊಡು, ಆದರೆ ಖಾರ ಅಂತ ಮೊದಲೇ ಹೇಳು. ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೋ. ಅವ್ವ ನಿನ್ನ ತಲೆ ಸವರಿದ್ದಾಳೆ ಅಂತ ತಿಳಿ. ಅಪ್ಪ ಈಗ ನನ್ನ ಹಿಂದೆ ನಿಂತು, ಇಷ್ಟುದ್ದ ಏನು ಬರೀತಿ ಅಂತ ಕೇಳಿ ಹೋದರು. ಅದನ್ನೇ ಅವರ ಆಶೀರ್ವಾದ ಅಂತ ಸೇರಿಸುತ್ತಿದ್ದೇನೆ.

ನಿನ್ನ ತಂಗಿ,
ರಂಜನಾ

ತಾ.ಕ.: ಕೊರಿಯರ್ ಅಂಗಡಿ ಮುಚ್ಚುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ಚಕ್ರದ ಇನ್ನೊಂದು ಬದಿಯ ಫ್ರೀವೀಲ್ ತೆಗೆಸಿಲ್ಲ. ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡುತ್ತೇನೆ. ಆ ಬದಿ ನಿನ್ನದು. ಹಿಮ ಬಿದ್ದು ಘಾಟು ಮುಚ್ಚಿದ ಮೇಲೆ ಅಲ್ಲಿ ನಿನಗೆ ಕೆಲಸವಿರುವುದಿಲ್ಲ, ನನಗೆ ಗೊತ್ತು. ಬಾ. ಉತ್ತರ ಬರೆಯದಿದ್ದರೂ ನಡೆಯುತ್ತದೆ, ತಾರೀಖು ಹಾಕಿ ಒಂದು ಹೆಬ್ಬೆರಳು ಕಳಿಸು, ಸಾಕು. ಚಕ್ರ ತಿರುವಿ ಹಾಕಿಕೊಂಡು ಸೈಕಲ್ ತೆಗೆದುಕೊಂಡು ಆಕುರ್ಡಿ ಸ್ಟೇಷನ್ನಿಗೆ ಬರುತ್ತೇನೆ. ಚಕ್ರ ತಿರುವುವುದು ಈಗ ನನಗೇ ಬರುತ್ತದೆ. ಅಲ್ಲಿಂದ ನೀನು ಹೊಡೆದುಕೊಂಡು ಹೋಗು, ನಿನ್ನ ಬ್ಯಾಗು ಹಿಡಿದು ನಾನು ರಿಕ್ಷಾದಲ್ಲಿ ಹಿಂದಿನಿಂದ ಬರುತ್ತೇನೆ. ಬೆಲ್ ಒತ್ತಬೇಡ. ಗೇಟಿನ ಹತ್ತಿರ ಕಾಲು ನಿಲ್ಲಿಸು, ಅಷ್ಟೆ. ಅವ್ವ ಕೇಳಿಸಿಕೊಳ್ಳುತ್ತಾಳೆ.