ಹಳೆಯ ತಂತಿ, ಹೊಸ ಪವರ್ ಸಪ್ಲೈ

ಶಿನ್ಚು,
ಅಕ್ಟೋಬರ್ ೧೪

ಪ್ರೀತಿಯ ರುಯ್‌ಫೆಂಗ್‌ಗೆ ಅಜ್ಜಿಯ ಆಶೀರ್ವಾದಗಳು.

ಕವಾಯತಿನಲ್ಲಿ ಬೊಬ್ಬೆ ಎದ್ದಿದ್ದ ನಿನ್ನ ಹಿಮ್ಮಡಿ ವಾಸಿಯಾಯಿತೆ? ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೊ. ಸೇನೆಯ ಗೆಳೆಯರು ನಕ್ಕರೆ ನಗಲಿ. ನನ್ನ ಮಂಡಿನೋವು ಇದ್ದಷ್ಟೇ ಇದೆ. ಊರಿನಲ್ಲಿ ಗಾಳಿ ಎದ್ದಿದೆ. ಮಹಡಿಯ ಮೇಲೆ ಹರಡಿದ ಪರ್ಸಿಮನ್ ಹಣ್ಣು ಚೆನ್ನಾಗಿ ಒಣಗುತ್ತಿದೆ. ನಿನ್ನ ಪಾಲನ್ನು ತೆಗೆದಿರಿಸುತ್ತೇನೆ.

ನೀನು ಬಿಟ್ಟುಹೋದ ಕಂಪ್ಯೂಟರಿನ ಪವರ್ ಸಪ್ಲೈ ಕಳೆದ ತಿಂಗಳು ಕೈಕೊಟ್ಟಿತು. ರಜೆಗೆ ಬಂದಾಗ ಹೊಸ ಕಂಪ್ಯೂಟರನ್ನೇ ಕಟ್ಟಿಕೊಡುತ್ತೇನೆಂದು ನೀನು ಬರೆದೆ. ಆದರೆ ನಿನ್ನ ಅಜ್ಜ ಮೂವತ್ತು ವರ್ಷ ಗುಡ್ಡ ಹತ್ತಿ ಧ್ವನಿಮುದ್ರಿಸಿಕೊಂಡು ತಂದ ಹಕ್ಕಿಗಳ ದನಿ ಇರುವುದು ಅದರ ಡಿಸ್ಕಿನಲ್ಲಿ ಮಾತ್ರ. ಪ್ರತಿಯೊಂದು ದನಿಗೂ ಮೊದಲು ಅವರು ಕೆಮ್ಮಿ, ದಿನಾಂಕವನ್ನೂ ಗುಡ್ಡದ ಹೆಸರನ್ನೂ ಹೇಳುತ್ತಾರೆ. ಅದನ್ನು ಕೇಳದೆ ನನಗೆ ಬೆಳಗಿನ ಚಹಾ ರುಚಿಸದು. ಮೂವತ್ತೇಳು ವರ್ಷ ವಿಜ್ಞಾನ ಕಲಿಸಿದವಳಿಗೆ ಇದೇನು ಮಹಾ ಎಂದು ನಾನೇ ಕುಳಿತೆ. ಪ್ರೊಸೆಸರಿಗೆ ಅರವತ್ತೈದು ವಾಟ್, ಗ್ರಾಫಿಕ್ಸ್ ಕಾರ್ಡಿಗೆ ನೂರ ಎಪ್ಪತ್ತು, ಉಳಿದುದಕ್ಕೆ ಐವತ್ತೈದು. ಅದರ ಮೇಲೆ ಅರ್ಧದಷ್ಟು ಹೆಚ್ಚಿಗೆ ಸೇರಿಸಿ ನಾನೂರ ಐವತ್ತು ವಾಟಿನದನ್ನು ತಂದೆ. ಉದ್ದ ಅಗಲ ಅಳೆದೆ, ಪಿನ್ನುಗಳನ್ನು ಎಣಿಸಿದೆ. ಹಳೆಯ ಪವರ್ ಸಪ್ಲೈಯ ಜೊತೆ ಬಂದಿದ್ದ, ಡಿಸ್ಕಿಗೆ ಹೋಗುವ ತಂತಿಯನ್ನು ಮಾತ್ರ ಬದಲಿಸಲಿಲ್ಲ. ನೀನು ಅಂದವಾಗಿ ಕಟ್ಟಿದ್ದೆ, ಹೊಸ ಪವರ್ ಸಪ್ಲೈಗೂ ಸರಿಯಾಗಿ ಕೂತಿತು, ಬಿಚ್ಚುವುದೇಕೆ?

ಅದನ್ನು ಮಾರಿದ ಅಂಗಡಿಯ ಪೆಂಗ್ ಶೂಲಾನ್ ನನ್ನ ಹಳೆಯ ವಿದ್ಯಾರ್ಥಿನಿ. ಹಸಿರು ಪೊಟ್ಟಣದ ಜೋಳದ ತಿಂಡಿಯನ್ನು ಮೇಲಿಡದೆ ಯಾವ ಯಂತ್ರವನ್ನೂ ಮೊದಲ ಬಾರಿ ಚಾಲು ಮಾಡಬಾರದೆಂದು ಫೋನಿನಲ್ಲಿ ಹಟ ಹಿಡಿದಳು. ಆ ತಿಂಡಿಯ ಹೆಸರಿನ ಅರ್ಥವೇ 'ಹೇಳಿದಂತೆ ಕೇಳು' ಎಂದಲ್ಲವೆ, ಪೊಟ್ಟಣ ನೋಡಿ ಯಂತ್ರ ಹೇಳಿದ ಮಾತು ಕೇಳುತ್ತದಂತೆ! ವಿಜ್ಞಾನ ಕಲಿತವಳ ಮಾತೇ ಇದು ಎಂದು ರೇಗಿದೆ. ಆದರೂ ಪೊಟ್ಟಣ ಹಿಡಿದು ಬಂದೇಬಿಟ್ಟಳು. ಗುಂಡಿಯ ಮೇಲೆ ನನ್ನ ಬೆರಳಿತ್ತು. ಆಕೆಯ ಕಣ್ಣು ಮೇಜಿನ ಮೇಲೆ ಬಿಚ್ಚದೆ ಉಳಿದಿದ್ದ ಹೊಸ ತಂತಿಗಳ ಚೀಲಕ್ಕೆ ಹೋಯಿತು.

"ಟೀಚರ್, ಬೆರಳು ತೆಗೀರಿ. ಹಳೇ ತಂತಿ ಸರಿಯಾಗಿ ಕೂತ್ಕೊಂಡ್ರೆ ಸಾಕಾ? ಪವರ್ ಸಪ್ಲೈ ಒಳಗೆ ಒಂದೊಂದು ಕಂಪನಿ ತನಗೆ ಬೇಕಾದ ಹಾಗೆ ತಂತಿ ಜೋಡಿಸಿರುತ್ತೆ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ಹೋದ್ರೆ ಡಿಸ್ಕ್ ಸುಟ್ಟು ಕರಕಲು."

ನಾನು ಬೆರಳು ತೆಗೆದೆ. ಹೊಸ ತಂತಿಯನ್ನು ಆಕೆಯೇ ಹಾಕಿದಳು. ಹಾಕುತ್ತಲೇ, "ವಿದ್ಯುತ್ ಪಾಠದಲ್ಲಿ ನನಗೆ ಮೂವತ್ತೊಂದು ಕೊಟ್ಟಿದ್ರಿ. ಇವತ್ತು ನಿಮಗೆಷ್ಟು ಕೊಡ್ಲಿ?" ಎಂದಳು. ತೇರ್ಗಡೆಗೆ ಬೇಕಾದ ಅರವತ್ತನ್ನು ಕೇಳಿದೆ. ಐವತ್ತೊಂಬತ್ತಕ್ಕೆ ನಿಂತಳು. ನ್ಯಾಯವೇ. ಬಳಿಕ ಗುಂಡಿ ಒತ್ತಿದೆವು; ನಿನ್ನ ಅಜ್ಜ ಕೆಮ್ಮಿದರು. ಶೂಲಾನಳಿಗೆ ಅಕ್ಕಿ ಶಾವಿಗೆ ಬಡಿಸಿ ಕಳುಹಿಸಿದೆ. ಪೊಟ್ಟಣ ಯಂತ್ರದ ಮೇಲೆಯೇ ಇದೆ.

ಮೇಲಧಿಕಾರಿಗಳ ಮಾತು ಕೇಳು, ಬಿಸಿ ಊಟ ಬಿಡಬೇಡ. ನಿನಗೆ ಸದಾ ಶುಭವಾಗಲಿ.

ನಿನ್ನ ಅಜ್ಜಿ,
ಜಾಂಗ್ ಸಿಯೂ-ಯುನ್

ಮರೆತಿದ್ದೆ: ಹೊರಡುವ ಮುನ್ನ "ಸ್ನೇಹಿತ"ನಿಗೊಂದು ಕಂಪ್ಯೂಟರ್ ಕಟ್ಟಿಕೊಡುವಾಗ ಇದೇ ಹಳೆಯ ಪವರ್ ಸಪ್ಲೈಯ ಉಳಿದ ತಂತಿಗಳನ್ನು ಒಯ್ದೆಯಲ್ಲ, ಹೊಸ ಪವರ್ ಸಪ್ಲೈಯನ್ನು ಆ ಹುಡುಗಿ ತಿಂಗಳ ಕೊನೆಗೆ ಕೊಳ್ಳುತ್ತಾಳಲ್ಲವೆ? ನಾನೇ ಎಚ್ಚರಿಸುತ್ತಿದ್ದೆ, ಆದರೆ ನೀನು ಆಕೆಯ ಹೆಸರನ್ನೇ ನನಗೆ ಹೇಳಿಲ್ಲ. ಭಾನುವಾರ ಫೋನ್ ಸಿಕ್ಕಾಗ ನನಗಲ್ಲ, ಮೊದಲು ಆಕೆಗೆ ಮಾಡು.